ಪಿಯುಸಿಯಿಂದ ಪದವಿಗೆ: ಅರ್ಜಿ, ಖರ್ಚು ಮತ್ತು ಸಂಘಗಳ ಹೊಣೆ

ದ್ವಿತೀಯ ಪಿಯುಸಿ ಓದುವ ವಿದ್ಯಾರ್ಥಿಯ ಪಾಲಿಗೆ ಒಂದೇ ವರ್ಷದಲ್ಲಿ ಮೂರು ಕೆಲಸಗಳು ಬರುತ್ತವೆ: ಪರೀಕ್ಷೆ ಬರೆಯುವುದು, ಕಾಲೇಜಿಗೆ ಅರ್ಜಿ ಹಾಕುವುದು, ಮುಂದಿನ ಓದಿನ ಖರ್ಚಿಗೆ ದಾರಿ ಹುಡುಕುವುದು. ಮೊದಲನೆಯದಕ್ಕೆ ಉಪನ್ಯಾಸಕರಿದ್ದಾರೆ, ಪಠ್ಯಪುಸ್ತಕವಿದೆ. ಉಳಿದೆರಡಕ್ಕೆ ಮನೆಯಲ್ಲಿ ಓದಿದವರು ಇಲ್ಲದ ಮಕ್ಕಳು ಯಾರನ್ನು ಕೇಳಬೇಕೆಂಬುದೇ ತಿಳಿಯದೆ ಉಳಿಯುತ್ತಾರೆ. ಕರ್ನಾಟಕದಲ್ಲಿ ಸೀಟುಗಳಿವೆ, ವಿದ್ಯಾರ್ಥಿವೇತನಗಳಿವೆ, ಹಾಸ್ಟೆಲುಗಳಿವೆ, ಸಾಲದ ಯೋಜನೆಗಳೂ ಇವೆ. ಆದರೂ ಒಂದು ಪ್ರಮಾಣಪತ್ರ ತಡವಾಯಿತೆಂದು, ಒಂದು ಕೊನೆಯ ದಿನಾಂಕ ಗೊತ್ತಾಗಲಿಲ್ಲವೆಂದು ಓದು ನಿಲ್ಲಿಸುವ ಮಕ್ಕಳು ಪ್ರತಿ ವರ್ಷವೂ ಇದ್ದಾರೆ. ಇದು ತಪ್ಪಿಸಬಹುದಾದ ನಷ್ಟ. ಊರು ಬಿಟ್ಟು ನೆಲೆ ಕಂಡುಕೊಂಡ ಕನ್ನಡಿಗರ ಸಂಘಗಳು ಕೈಹಾಕಬಹುದಾದ ಕೆಲಸಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನವಿದೆ.

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಉದಾಹರಣೆಯಾಗಿ ನೋಡಬಹುದು. ಬಂಜಾರರು ಈ ಊರನ್ನು ಭಾಯಗಡ ಎಂದು ಕರೆದು, ಸಂತ ಸೇವಾಲಾಲರ ಜನ್ಮಸ್ಥಳವೆಂದು ನಡೆದುಕೊಳ್ಳುತ್ತಾರೆ. ಫೆಬ್ರುವರಿ 15ರ ಜಯಂತಿಗೆ ಕರ್ನಾಟಕದ ತಾಂಡಾಗಳಿಂದಲೂ ನೆರೆಯ ರಾಜ್ಯಗಳಿಂದಲೂ ಭಕ್ತರು ಇಲ್ಲಿ ಸೇರುತ್ತಾರೆ. ಸುತ್ತಲಿನ ನೆಲ ಒಂದೇ ಬಗೆಯದಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟಗಳಿವೆ, ಭದ್ರಾ ನಾಲೆಯ ನೀರಿದೆ. ಹೊನ್ನಾಳಿ, ನ್ಯಾಮತಿಗಳಲ್ಲಿ ಭತ್ತ ಮತ್ತು ಮೆಕ್ಕೆಜೋಳ ಬೆಳೆಯುತ್ತಾರೆ. ಜಗಳೂರಿನ ಬಹುಪಾಲು ಮಳೆಯನ್ನೇ ನಂಬಿದ ಬಯಲು. ನೀರಾವರಿ ಇಲ್ಲದ ತಾಂಡಾಗಳ ಕುಟುಂಬಗಳು ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ, ಗೋವಾ ಮತ್ತು ಮಹಾರಾಷ್ಟ್ರಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಕಾಲೇಜುಗಳ ಕೊರತೆ ಈ ಸೀಮೆಗಿಲ್ಲ. 1951ರ ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ದಾವಣಗೆರೆಯಲ್ಲಿದೆ. 1987ರ ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿದೆ, 2009ರ ದಾವಣಗೆರೆ ವಿಶ್ವವಿದ್ಯಾಲಯ ತೋಳಹುಣಸೆಯಲ್ಲಿದೆ. 2012ರಲ್ಲಿ ಶಿವಮೊಗ್ಗಕ್ಕೆ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. ಹಾದಿಯ ಕಷ್ಟವೆಲ್ಲ ಕಾಲೇಜಿನ ಬಾಗಿಲು ಮುಟ್ಟುವ ತನಕ.

ಬಡ ವಿದ್ಯಾರ್ಥಿಗೆ ಆಸರೆ ಕೊಡುವ ರೂಢಿ ಕನ್ನಡನಾಡಿಗೆ ಹೊಸದಲ್ಲ. ವಾರಾನ್ನ ಉಂಡು ಓದಿದವರ ಒಂದು ಪೀಳಿಗೆಯೇ ಇತ್ತು. ಮಠಗಳ ಉಚಿತ ಪ್ರಸಾದ ನಿಲಯಗಳು ಇಂದಿಗೂ ನಡೆಯುತ್ತಿವೆ. ಮೈಸೂರು ಸಂಸ್ಥಾನ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದವರ ಶಿಕ್ಷಣಕ್ಕೆ ನೆರವನ್ನು ಸರ್ಕಾರದ ಹೊಣೆಯಾಗಿ ಕಂಡಿತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಆರಂಭವಾಯಿತು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ವ್ಯವಸ್ಥೆ ಬಂದ ಮೇಲೆ ವೃತ್ತಿಶಿಕ್ಷಣದ ಸೀಟು ಶಿಫಾರಸಿನ ಕೈಯಿಂದ ರ‍್ಯಾಂಕಿನ ಕೈಗೆ ಬಂತು. ಹಕ್ಕುಗಳು ಹೀಗೆ ಒಂದೊಂದಾಗಿ ಕೂಡಿಬಂದವು. ಅವುಗಳನ್ನು ಪಡೆಯುವ ವಿಧಾನವೆಲ್ಲ ಈಗ ಗಣಕಯಂತ್ರದ ಪರದೆಯ ಮೇಲಿದೆ.

ಎಂಜಿನಿಯರಿಂಗ್, ಕೃಷಿ ವಿಜ್ಞಾನ, ಪಶುವೈದ್ಯ, ಫಾರ್ಮಸಿ, ಬಿ.ಎಸ್ಸಿ. ನರ್ಸಿಂಗ್ ಸೇರಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಬರೆಯಬೇಕು. ಪರೀಕ್ಷೆ ಬೇಸಿಗೆಯಲ್ಲಿ ನಡೆದರೂ ಅರ್ಜಿಯ ಅವಧಿ ಈಚಿನ ವರ್ಷಗಳಲ್ಲಿ ಜನವರಿ, ಫೆಬ್ರುವರಿಗಳಲ್ಲೇ ಬರುತ್ತಿದೆ. ಅರ್ಜಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ನಮೂದಿಸಬೇಕು. ಇವೆರಡನ್ನೂ ನಾಡಕಚೇರಿ ಕೊಡುತ್ತದೆ. ಪರಿಶಿಷ್ಟರ ಜಾತಿ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ, ಆದಾಯ ಪ್ರಮಾಣಪತ್ರದ ಆಯಸ್ಸು ಐದು ವರ್ಷ. ಎಸ್ಸೆಸ್ಸೆಲ್ಸಿಗೆ ಮುಂಚೆ ಮಾಡಿಸಿದ ಆದಾಯ ಪತ್ರದ ಅವಧಿ ಪಿಯುಸಿ ಮುಗಿಯುವ ಹೊತ್ತಿಗೆ ತೀರಿರಬಹುದು. ಶಾಲಾ ದಾಖಲೆ, ಆಧಾರ್ ಮತ್ತು ಜಾತಿ ಪತ್ರಗಳಲ್ಲಿ ಹೆಸರು ಬೇರೆಬೇರೆಯಾಗಿದ್ದರೆ ತಿದ್ದಿಸಲು ವಾರಗಳೇ ಬೇಕು. ಆದ್ದರಿಂದ ಕಾಗದಪತ್ರಗಳ ತಯಾರಿ ಪಿಯುಸಿ ಎರಡನೇ ವರ್ಷದ ದಸರಾ ರಜೆಯೊಳಗೆ ಮುಗಿಯಬೇಕು.

ಹಳ್ಳಿಯ ಮಕ್ಕಳು ಹೆಚ್ಚಾಗಿ ಕಳೆದುಕೊಳ್ಳುವುದು ಎರಡು ಮೀಸಲು ಪಾಲುಗಳನ್ನು. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮಾಂತರ ಪ್ರದೇಶದಲ್ಲಿ ಓದಿದವರಿಗೆ ಶೇ 15, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟುಗಳಿವೆ. ಸೂರಗೊಂಡನಕೊಪ್ಪದಂಥ ಊರಿನ ಸರ್ಕಾರಿ ಶಾಲೆಯಲ್ಲಿ ಓದಿದ ಮಗುವಿಗೆ ಎರಡೂ ದಕ್ಕುತ್ತವೆ. ಇದಕ್ಕೆ ಓದಿದ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ತಂದು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಪಡೆಯಬೇಕು. ಗುಳೆ ಹೋದ ತಂದೆತಾಯಿಯ ಜೊತೆ ನಾಲ್ಕಾರು ಶಾಲೆ ಬದಲಿಸಿದ ಮಗುವಿಗೆ ಇದೇ ದೊಡ್ಡ ಅಲೆದಾಟ. ಕೃಷಿಕರ ಮಕ್ಕಳಿಗೆ ಕೃಷಿ ಪದವಿಗಳಲ್ಲಿ ಪ್ರತ್ಯೇಕ ಪಾಲಿದ್ದು, ಅದಕ್ಕಾಗಿ ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ಅರ್ಜಿಯಲ್ಲಿ ಈ ಕಲಂಗಳನ್ನು ತುಂಬದೆ ಬಿಟ್ಟರೆ ಅರ್ಹತೆ ಇದ್ದೂ ಇಲ್ಲದಂತಾಗುತ್ತದೆ.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಮತ್ತು ಸಿಇಟಿ ಅಂಕಗಳನ್ನು ಸಮಪಾಲಾಗಿ ಹಿಡಿಯುತ್ತಾರೆ. ರ‍್ಯಾಂಕ್ ಬಂದ ಮೇಲೆ ದಾಖಲೆ ಪರಿಶೀಲನೆ, ಅನಂತರ ಆಪ್ಷನ್ ಎಂಟ್ರಿ. ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಇಲ್ಲಿ ಇಷ್ಟದ ಕ್ರಮದಲ್ಲಿ ಬರೆಯಬೇಕು. ಹೆಸರು ಕೇಳಿದ ಹತ್ತು ಕಾಲೇಜುಗಳನ್ನಷ್ಟೇ ಬರೆದು ನಿಲ್ಲಿಸುವುದು ಸಾಮಾನ್ಯ ತಪ್ಪು. ಹಿಂದಿನ ವರ್ಷದ ಕಟ್‌ಆಫ್ ನೋಡಿ ಉದ್ದನೆಯ ಪಟ್ಟಿ ಮಾಡಿದವರಿಗೆ ಸೀಟು ಸಿಗುವ ಸಾಧ್ಯತೆ ಹೆಚ್ಚು. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆಗಳಿರುತ್ತವೆ: ಒಪ್ಪಿ ಸೇರುವುದು, ಸಿಕ್ಕಿದ್ದನ್ನು ಇಟ್ಟುಕೊಂಡು ಇನ್ನೂ ಮೇಲಿನದಕ್ಕೆ ಮುಂದಿನ ಸುತ್ತು ಕಾಯುವುದು, ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡು ಮತ್ತು ಮೂರನೆಯ ಆಯ್ಕೆಗಳ ವ್ಯತ್ಯಾಸ ತಿಳಿಯದೆ ಗುಂಡಿ ಒತ್ತಿದರೆ ಕೈಗೆ ಬಂದ ಸೀಟು ಹೋಗುತ್ತದೆ. ನಿರ್ಧಾರಕ್ಕೆ ಸಿಗುವುದು ಕೆಲವೇ ದಿನ. ಒಟಿಪಿ ಬರುವುದು ಊರಲ್ಲಿಲ್ಲದ ತಂದೆಯ ಫೋನಿಗೋ ಅರ್ಜಿ ತುಂಬಿದ ಸೈಬರ್ ಸೆಂಟರಿನವರ ಫೋನಿಗೋ ಆದರೆ ಆ ದಿನಗಳೂ ಸಾಲವು.

ವೈದ್ಯಕೀಯ, ದಂತವೈದ್ಯ ಮತ್ತು ಆಯುಷ್ ಕೋರ್ಸುಗಳಿಗೆ ನೀಟ್ ಬರೆಯಬೇಕು. 2017ರಿಂದ ಇದನ್ನು ಕನ್ನಡದಲ್ಲೂ ಬರೆಯಬಹುದು. ನೀಟ್‌ನಲ್ಲಿ ಅರ್ಹತೆ ಪಡೆದವರು ರಾಜ್ಯದ ಸೀಟಿಗಾಗಿ ಪರೀಕ್ಷಾ ಪ್ರಾಧಿಕಾರದಲ್ಲಿಯೂ ನೋಂದಾಯಿಸಿಕೊಳ್ಳಬೇಕು. ಇದನ್ನು ಮರೆತು ಕೂತವರು ಬಹಳ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಸೇರುವವರ ಅರ್ಜಿ ಯುಯುಸಿಎಂಎಸ್ ತಂತ್ರಾಂಶದ ಮೂಲಕ ನಡೆಯುತ್ತದೆ. ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಓದಿನ ಶುಲ್ಕ ಕಡಿಮೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಹಣ ಕೊಡುವ ಕೆಲಸವಿಲ್ಲ. ಪಿಯುಸಿಯಲ್ಲಿ ಸಾಧಾರಣ ಅಂಕ ಬಂದ ಹುಡುಗಿಯನ್ನು ಮನೆಯಲ್ಲಿ ಉಳಿಸಿಕೊಳ್ಳುವ ಮುನ್ನ ಹೆತ್ತವರು ಈ ಲೆಕ್ಕ ನೋಡಬೇಕು.

ಹಣದ ಮೂಲಗಳು ಹಲವು. ರಾಜ್ಯದ ಬಹುತೇಕ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಪರಿಶಿಷ್ಟ ಜಾತಿಯ ಕೇಂದ್ರ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಿಯುಸಿ ಮುಗಿಸಿದ ಪರಿಶಿಷ್ಟ ವಿದ್ಯಾರ್ಥಿಗೆ ಸಮಾಜ ಕಲ್ಯಾಣ ಇಲಾಖೆಯ 20,000 ರೂಪಾಯಿ ಪ್ರೋತ್ಸಾಹಧನವಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರ ಊಟ, ವಸತಿಗೆ 2013–14ರಲ್ಲಿ ವಿದ್ಯಾಸಿರಿ ಬಂತು. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವಾಗಿ ಅದು ಆರಂಭವಾಯಿತು. 2021ರ ರೈತ ವಿದ್ಯಾನಿಧಿಯಲ್ಲಿ ರೈತರ ಮಕ್ಕಳಿಗೆ ಕೋರ್ಸಿಗೆ ತಕ್ಕಂತೆ 2,500ರಿಂದ 11,000 ರೂಪಾಯಿಯವರೆಗೆ ಗೊತ್ತುಮಾಡಲಾಯಿತು. ಪಿಯುಸಿಯಲ್ಲಿ ಮೇಲಿನ ಶೇ 20ರ ಗುಂಪಿನಲ್ಲಿದ್ದು ಆದಾಯ 4.5 ಲಕ್ಷದೊಳಗಿದ್ದವರು ಕೇಂದ್ರದ ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಪದವಿಯಲ್ಲಿ ಅದು ವರ್ಷಕ್ಕೆ 12,000 ರೂಪಾಯಿ. ತಾಂತ್ರಿಕ ಕೋರ್ಸು ಸೇರಿದ ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ಯೋಜನೆ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ. ಸರ್ಕಾರಿ ಶಾಲೆ ಮತ್ತು ಪಿಯು ಕಾಲೇಜಿನಲ್ಲಿ ಓದಿ ಬಂದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವರ್ಷಕ್ಕೆ 30,000 ರೂಪಾಯಿಯ ನೆರವೂ ಇದೆ.

ಇಷ್ಟರ ಮೇಲೂ ಹಣ ಸಾಲದಿದ್ದರೆ ಬ್ಯಾಂಕಿನ ಶಿಕ್ಷಣ ಸಾಲವಿದೆ. 4 ಲಕ್ಷ ರೂಪಾಯಿಯವರೆಗೆ ಅಡಮಾನ ಬೇಕಿಲ್ಲ. 7.5 ಲಕ್ಷದವರೆಗಿನ ಸಾಲಕ್ಕೆ ಸರ್ಕಾರದ ಖಾತರಿ ನಿಧಿಯ ಬೆಂಬಲವಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಆಯ್ದ ಉನ್ನತ ಸಂಸ್ಥೆಗಳಿಗಷ್ಟೇ ಅನ್ವಯ. 8 ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ 3ರ ಬಡ್ಡಿ ರಿಯಾಯಿತಿ ಅದರಲ್ಲಿದೆ. ಸಾಲ ತೀರಿಸುವುದು ಓದು ಮುಗಿದ ಮೇಲೆ. ಕೈಸಾಲ ಮಾಡುವ ಅಥವಾ ಒಡವೆ ಅಡವಿಡುವ ಮುನ್ನ ಹೆತ್ತವರಿಗೆ ಇದನ್ನು ತಿಳಿಸಿ ಹೇಳುವವರು ಬೇಕು.

ನಿಜವಾದ ಬಿಕ್ಕಟ್ಟು ಹಣ ಬರುವ ಹೊತ್ತಿನದು. ಪ್ರವೇಶದ ಶುಲ್ಕ, ಹಾಸ್ಟೆಲ್ ಮುಂಗಡ, ಪುಸ್ತಕ, ಬಟ್ಟೆಬರೆಯ ಖರ್ಚು ಜೂನ್‌ನಿಂದ ಆಗಸ್ಟ್‌ವರೆಗೆ ಒಟ್ಟಿಗೆ ಬರುತ್ತದೆ. ಬಿತ್ತನೆ ಬೀಜ, ಗೊಬ್ಬರಕ್ಕೆ ರೈತ ಹಣ ಹೊಂದಿಸುವುದೂ ಅದೇ ತಿಂಗಳುಗಳಲ್ಲಿ. ಮೆಕ್ಕೆಜೋಳ ಕೈಗೆ ಬರುವುದು ದಸರಾ, ದೀಪಾವಳಿಯ ಆಸುಪಾಸಿಗೆ. ವಿದ್ಯಾರ್ಥಿವೇತನ ಖಾತೆಗೆ ಬರುವುದು ಕಾಲೇಜು ಸೇರಿ ತಿಂಗಳುಗಳಾದ ಮೇಲೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ನಾಲ್ಕು ವರ್ಷದ ಓದನ್ನು ಸರ್ಕಾರ ಹೊರಲು ಸಿದ್ಧವಿದ್ದರೂ ಮೊದಲ ಮೂರು ತಿಂಗಳ ಕೈಖರ್ಚಿಲ್ಲದೆ ಸೀಟು ಬಿಡುವ ಪರಿಸ್ಥಿತಿ ಹೀಗೆ ಹುಟ್ಟುತ್ತದೆ.

ಹೊರರಾಜ್ಯಕ್ಕೆ ದುಡಿಯಲು ಹೋಗಿ ಅಲ್ಲೇ ನೆಲೆಸಿದ ಕುಟುಂಬಗಳ ಮಕ್ಕಳಿಗೆ ಇನ್ನೊಂದು ತೊಡಕಿದೆ. ಬಂಜಾರರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದು ರಾಜ್ಯದ ಪರಿಶಿಷ್ಟ ಸ್ಥಾನ ವಲಸೆ ಹೋದ ರಾಜ್ಯದಲ್ಲಿ ನಡೆಯುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿ, ಮುಂಬೈಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನ ಪ್ರವೇಶದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಕೊಡುವುದೂ ವಿದ್ಯಾರ್ಥಿಯ ಮೂಲ ರಾಜ್ಯವೇ. ಕರ್ನಾಟಕದ ಸೀಟಿಗೆ ಸಾಮಾನ್ಯ ನಿಯಮ ರಾಜ್ಯದಲ್ಲಿ ಏಳು ವರ್ಷದ ಓದು. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಬೇರೆ ಕಲಂಗಳಿವೆ. ಅವರು ಸಿಇಟಿಯ ಜೊತೆಗೆ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆ ಬರೆದು ಕನಿಷ್ಠ 12 ಅಂಕ ಪಡೆಯಬೇಕು. ಕಾಸರಗೋಡು, ಮಂಜೇಶ್ವರ, ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ಮಕ್ಕಳಿಗೆ ಇದು ತಾಯ್ನಾಡಿನ ಕಾಲೇಜಿಗೆ ತೆರೆದಿರುವ ದಾರಿ. ಸಂಘಗಳು ನಡೆಸುವ ಕನ್ನಡ ಕಲಿಕೆಯ ತರಗತಿಗಳು ಈ ಪರೀಕ್ಷೆಯ ತಯಾರಿಗೂ ಒದಗಬೇಕು.

ಪಕ್ಕದಲ್ಲಿ ಕೂತು ಅರ್ಜಿ ತುಂಬಿಸುವ ನೆರವಿಗೆ ಎಷ್ಟು ಬಲವಿದೆ ಎಂಬುದಕ್ಕೆ ಅಮೆರಿಕದಲ್ಲಿ ಗಟ್ಟಿ ಸಾಕ್ಷ್ಯವಿದೆ. ಅಲ್ಲಿನ ಕೇಂದ್ರ ಸರ್ಕಾರದ ಆರ್ಥಿಕ ನೆರವಿಗೆಲ್ಲ ಎಫ್‌ಎಎಫ್‌ಎಸ್‌ಎ ಎಂಬ ಒಂದೇ ಅರ್ಜಿ. ಎರಿಕ್ ಬೆಟಿಂಗರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೆರಿಗೆ ಲೆಕ್ಕ ಬರೆಸಲು ಬಂದ ಕಡಿಮೆ ಆದಾಯದ ಕುಟುಂಬಗಳಿಗೆ ಅಲ್ಲೇ ಕೂರಿಸಿ ಈ ಅರ್ಜಿಯನ್ನೂ ತುಂಬಿಸಿಕೊಡಲಾಯಿತು. ಅಂಥ ಮನೆಗಳ ಹೈಸ್ಕೂಲು ಕೊನೆಯ ವರ್ಷದ ಮಕ್ಕಳಲ್ಲಿ ಎರಡು ವರ್ಷ ಕಾಲೇಜು ಓದಿದವರ ಪ್ರಮಾಣ ಶೇ 28ರಿಂದ 36ಕ್ಕೆ ಏರಿತು. ಬರೀ ಮಾಹಿತಿ ಕೊಟ್ಟು ಕಳಿಸಿದ ಕುಟುಂಬಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಕರಪತ್ರ ಹಂಚಿದರೆ ಸಾಲದು, ಅರ್ಜಿ ಸಲ್ಲಿಕೆಯಾಗುವ ತನಕ ಜೊತೆಗಿರಬೇಕು ಎಂಬುದು ಇದರ ಪಾಠ.

ಕನ್ನಡ ಸಂಘಗಳ ಪ್ರತಿಭಾ ಪುರಸ್ಕಾರ ಒಳ್ಳೆಯ ಪದ್ಧತಿ. ಅದು ಫಲಿತಾಂಶ ಬಂದ ಮೇಲೆ, ಹೆಚ್ಚು ಅಂಕ ತೆಗೆದವರಿಗೆ ಸಲ್ಲುತ್ತದೆ. ಶೇ 60ರ ಆಸುಪಾಸಿನ ಅಂಕದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವ ಮಗುವಿಗೆ ನೆರವು ಅದಕ್ಕೂ ಮೊದಲೇ ಬೇಕು. ಸಂಘಗಳು ಮೂರು ಕೆಲಸಗಳನ್ನು ಕೈಗೆತ್ತಿಕೊಳ್ಳಬಹುದು. ಒಂದು, ಅರ್ಜಿ ನೆರವಿನ ಶಿಬಿರ. ಸೂರಗೊಂಡನಕೊಪ್ಪದ ಜಯಂತಿಯ ಜಾತ್ರೆ ಸಿಇಟಿ ಅರ್ಜಿಯ ದಿನಗಳಲ್ಲೇ ಬರುವುದರಿಂದ, ಗುಳೆ ಹೋದ ಹೆತ್ತವರೂ ಮಕ್ಕಳೂ ಒಂದೆಡೆ ಸಿಗುವ ಆ ದಿನಗಳಿಗಿಂತ ಒಳ್ಳೆಯ ಸಮಯವಿಲ್ಲ. ಎರಡು, ಮೊದಲ ಶುಲ್ಕದ ನಿಧಿ. ವಿದ್ಯಾರ್ಥಿವೇತನ ಬಂದ ಮೇಲೆ ಮರಳಿಸುವ ಒಪ್ಪಂದದ ಮೇಲೆ ಬಡ್ಡಿಯಿಲ್ಲದೆ ಕೊಟ್ಟರೆ ಅದೇ ಹಣ ಮರುವರ್ಷ ಇನ್ನೊಬ್ಬರಿಗೆ ಒದಗುತ್ತದೆ. ಮೂರು, ಒಬ್ಬ ವಿದ್ಯಾರ್ಥಿಗೆ ಒಬ್ಬ ಸದಸ್ಯ. ಆಪ್ಷನ್ ಎಂಟ್ರಿಯ ವಾರದಲ್ಲಿ ಫೋನಿನಲ್ಲಿ ಸಿಗುವ, ಮೊದಲ ಸೆಮಿಸ್ಟರ್ ಮುಗಿಯುವವರೆಗೆ ವಿಚಾರಿಸಿಕೊಳ್ಳುವ ಒಬ್ಬ ಹಿರಿಯರಿದ್ದರೆ ಸಾಕು. ಈ ಕೆಲಸವನ್ನು ಸಾವಿರಾರು ಮೈಲಿ ದೂರದಿಂದಲೂ ಮಾಡಬಹುದು.

ಇದಕ್ಕೆ ಹೊರನಾಡಿನಲ್ಲೇ ಮೇಲ್ಪಂಕ್ತಿ ಇದೆ. 1902ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿಶಾಲೆ ನಡೆಸಿದವು. ಹಗಲೆಲ್ಲ ದುಡಿದ ಕರಾವಳಿಯ ಹುಡುಗರು ಅಲ್ಲಿ ಓದಿ ಬದುಕು ಕಟ್ಟಿಕೊಂಡರು. ಆ ಹಿರಿಯರಲ್ಲಿ ಇಂದಿನ ಸಂಘಗಳಷ್ಟು ಹಣವೂ ಇರಲಿಲ್ಲ, ಸಂಪರ್ಕ ಸಾಧನವೂ ಇರಲಿಲ್ಲ. ತಮ್ಮ ಊರಿನ ಹುಡುಗನ ಓದು ತಮ್ಮ ಹೊಣೆ ಎಂಬ ನಂಬಿಕೆ ಇತ್ತು. ನ್ಯಾಮತಿಯ ತಾಂಡಾದ ಹುಡುಗಿ ನರ್ಸಿಂಗ್ ಸೇರುವುದೂ ಜಗಳೂರಿನ ರೈತನ ಮಗ ಕೃಷಿ ಪದವೀಧರನಾಗುವುದೂ ಅಂಥದೇ ಹೊಣೆ. ಮುಂದಿನ ಅರ್ಜಿಯ ಅವಧಿ ತೆರೆಯುವ ಮೊದಲು ಪ್ರತಿ ಸಂಘವೂ ಒಂದು ಪಿಯು ಕಾಲೇಜನ್ನು ಆರಿಸಿ, ಅಲ್ಲಿನ ಪ್ರಾಂಶುಪಾಲರಿಂದ ನೆರವು ಬೇಕಾದ ವಿದ್ಯಾರ್ಥಿಗಳ ಪಟ್ಟಿ ಪಡೆದು ಕೆಲಸ ಶುರುಮಾಡಬೇಕು.