ನಿಮ್ಮ ಫೋಟೋ, ನಮ್ಮ ದಾರಿ

ಬಣ್ಣಾರಿಯಿಂದ 27 ತಿರುವುಗಳ ದಿಂಬಂ ಘಾಟಿ ಹತ್ತಿ, ಹಾಸನೂರು ದಾಟಿ ತಾಳವಾಡಿ ಕಡೆಗೆ ಬನ್ನಿ. ರಸ್ತೆ ಬದಿಯಲ್ಲಿ ನಾಲ್ಕು ಆನೆ ಕಂಡರೆ ಸಾಕು, ಹತ್ತು ಕಾರು ನಿಂತಿರುತ್ತವೆ. ಬಾಗಿಲು ತೆರೆಯುತ್ತವೆ, ಮೊಬೈಲ್‌ಗಳು ಮೇಲೇಳುತ್ತವೆ. "ಒಂದೇ ಒಂದು ಫೋಟೋ ಸಾರ್, ಯಾರಿಗೇನು ತೊಂದರೆ?" ಎಂಬ ಮಾತು ಬೇರೆ!

ತೊಂದರೆ ಯಾರಿಗೆ ಎಂದು ಇಲ್ಲಿ ಬದುಕುವ ನಾವು ಹೇಳುತ್ತೇವೆ, ಕೇಳಿ.

ಆನೆ ಗುಂಪಿಗೆ ಹಿರಿಯ ಹೆಣ್ಣಾನೆಯೇ ಯಜಮಾನಿ. ರಸ್ತೆ ದಾಟುವಾಗ ಮರಿಗಳು ದೊಡ್ಡವುಗಳ ನಡುವೆ ಇರುತ್ತವೆ. ವಾಹನಗಳು ಅಡ್ಡ ನಿಂತರೆ ಅರ್ಧ ಗುಂಪು ಈಚೆ, ಅರ್ಧ ಆಚೆ. ಮರಿ ಒಂದು ಕಡೆ, ತಾಯಿ ಇನ್ನೊಂದು ಕಡೆ. ಆಮೇಲೆ ತಾಯಿ ಸುಮ್ಮನಿದ್ದಾಳೆಯೇ? ಫೋಟೋ ತೆಗೆದವರು ಗಾಜು ಏರಿಸಿಕೊಂಡು ಹೋಗಿಬಿಡುತ್ತಾರೆ. ಕೆರಳಿದ ಆನೆಗೆ ಎದುರಾಗುವವರು ಬೈಕಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರು, ಕೋಸು ಮಾರಿ ಮನೆಗೆ ಮರಳುವ ರೈತರು, ನಮ್ಮ ಶಾಲೆಯ ಮಕ್ಕಳು.

ಮೊಬೈಲಿನಲ್ಲಿ ದೂರದ ಆನೆ ಮೆಣಸಿನ ಕಾಳಿನಷ್ಟೇ ಕಾಣುತ್ತದೆ. ದೊಡ್ಡದಾಗಿ ಕಾಣಲೆಂದು ಜನ ಇಳಿದು ಹತ್ತಿರ ಹೋಗುತ್ತಾರೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಹೀಗೆ ಸೆಲ್ಫಿಗೆ ಹೋದವರೊಬ್ಬರು ಆನೆಯ ಕಾಲಡಿ ಸಿಕ್ಕಿ, ಹೇಗೋ ಬದುಕಿದರು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಎಲ್ಲರ ಅದೃಷ್ಟವೂ ಹಾಗಿರುವುದಿಲ್ಲ.

ಕಾರಪಳ್ಳಂ ಚೆಕ್‌ಪೋಸ್ಟಿನ ಬಳಿ ಕಬ್ಬಿನ ಲಾರಿಗೆ ಕಾಯುವ ಆನೆಗಳ ಚಿತ್ರವನ್ನು "ಟೋಲ್ ವಸೂಲಿ" ಎಂದು ನಗುತ್ತಾ ಹಂಚುತ್ತಾರೆ. ರಸ್ತೆಯಲ್ಲಿ ಮೇವು ಸಿಗುತ್ತದೆಂದು ಕಲಿತ ಮರಿ ನಾಳೆ ವಾಹನಕ್ಕೆ ಅಂಜೀತೇ? ಇದರಲ್ಲಿ ನಗುವಂಥದ್ದು ಏನಿದೆ?

"ಇದು ಹೆದ್ದಾರಿ, ನಿಲ್ಲಲು ನಮಗೂ ಹಕ್ಕಿದೆ" ಎನ್ನುವವರಿದ್ದಾರೆ. ಸ್ವಾಮೀ, ಇದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಪ್ರಾಣಿಗಳು ಸಾಯಬಾರದೆಂದು 2022ರಲ್ಲಿ ಹೈಕೋರ್ಟ್ ಆದೇಶದಂತೆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಅದರ ಕಷ್ಟ ಉಂಡವರು ಈ ಊರುಗಳವರು. ನಿಮಗೆ ಒಂದು ಫೋಟೋ ಬಿಡಲು ಆಗುವುದಿಲ್ಲವೇ?

ಶಿಕ್ಷಕ ಮಿತ್ರರೇ, ಶಾಲಾ ಪ್ರವಾಸದ ಬಸ್ಸುಗಳೂ ಹೀಗೆ ನಿಲ್ಲುತ್ತವೆ. ಹೊರಡುವ ಮುನ್ನವೇ ಚಾಲಕರಿಗೆ ಹೇಳಿಬಿಡಿ: ಆನೆಗಳು ದಾಟುತ್ತಿದ್ದರೆ ದೂರದಲ್ಲೇ ನಿಲ್ಲಿಸಬೇಕು, ಬದಿಯಲ್ಲಿ ಮೇಯುತ್ತಿದ್ದರೆ ನಿಲ್ಲಿಸದೆ ಸಾಗಬೇಕು. ಹಾರ್ನ್ ಬೇಡ, ಇಳಿಯುವುದಂತೂ ಬೇಡವೇ ಬೇಡ. ಮಕ್ಕಳು ಕಿಟಕಿಯಿಂದ ಕಣ್ತುಂಬ ನೋಡಲಿ. ದೊಡ್ಡವೆಷ್ಟು, ಮರಿಗಳೆಷ್ಟು ಎಂದು ಎಣಿಸಲಿ, ತರಗತಿಗೆ ಬಂದು ಕನ್ನಡದಲ್ಲಿ ಬರೆಯಲಿ.

ಇನ್ನೊಂದು ಮಾತು. ರಸ್ತೆಗಿಳಿದು ತೆಗೆದ ಇಂಥ ಚಿತ್ರ ಮೊಬೈಲಿಗೆ ಬಂದರೆ ಮೆಚ್ಚಬೇಡಿ, ಮುಂದೆ ಕಳಿಸಬೇಡಿ. ಮೆಚ್ಚುವವರು ಇಲ್ಲವಾದರೆ ಇಳಿಯುವವರೂ ಕಡಿಮೆಯಾಗುತ್ತಾರೆ.