ಹೊನ್ನಾವರವನ್ನು ಏಕೆ ನೋಡಬೇಕು

ಆಗುಂಬೆಯ ಘಟ್ಟದ ನೆತ್ತಿಯಲ್ಲಿ ನಿಂತು ಸೂರ್ಯಾಸ್ತವನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಆಕಾಶವು ನಿರ್ಮಲವಾಗಿದ್ದ ದಿನ ಅಲ್ಲಿಂದ ಪಶ್ಚಿಮಕ್ಕೆ ದೃಷ್ಟಿ ಹಾಯಿಸಿದರೆ, ಕಾಡುಗಳಾಚೆ ಬೆಳ್ಳಿಯ ಗೆರೆಯೊಂದು ಹೊಳೆಯುತ್ತದೆ. ಅದೇ ಸಮುದ್ರವೆಂದು ಹಿರಿಯರು ಕಿರಿಯರಿಗೆ ತೋರಿಸುತ್ತಾರೆ. ಬೇಗಾರು, ಶೃಂಗೇರಿ, ಕೊಪ್ಪಗಳ ಎಷ್ಟೋ ಮಂದಿ ಗೃಹಿಣಿಯರಿಗೆ ಸಮುದ್ರದ ಪರಿಚಯವು ಬಹುಮಟ್ಟಿಗೆ ಅಷ್ಟಕ್ಕೇ ನಿಲ್ಲುವುದು. ಉಡುಪಿಗೆ ಹೋಗುವರು, ಶ್ರೀಕೃಷ್ಣನ ದರ್ಶನ ಮಾಡುವರು, ಮಲ್ಪೆಯಲ್ಲಿ ಕಾಲು ತೋಯಿಸಿಕೊಂಡು ಸಂಜೆಯ ಬಸ್ಸಿಗೆ ಅವಸರಪಡುವರು. ಸಮುದ್ರವನ್ನು ನೋಡಿದ ಹಾಗಾಯಿತೆ ಎಂದು ಕೇಳಿದರೆ, ಆಗಲಿಲ್ಲವೆಂದೇ ನಮ್ಮ ಅಭಿಪ್ರಾಯ. ಸಮುದ್ರತೀರದ ಒಂದು ಊರಿನಲ್ಲಿ ಎರಡು ರಾತ್ರಿಯಾದರೂ ತಂಗಿ, ಅಲ್ಲಿನ ಜನರು ಏಳುವುದನ್ನೂ ದುಡಿಯುವುದನ್ನೂ ಕಾಣಬೇಕು. ಅದಕ್ಕೆ ಯೋಗ್ಯವಾದ ಊರು ಯಾವುದೆಂದರೆ, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರವನ್ನು ನಾವು ಸೂಚಿಸುತ್ತೇವೆ.

ಇಟಲಿ ದೇಶದ ಕಡಲತಡಿಯ ಊರುಗಳ ಚಿತ್ರಗಳನ್ನು ನೋಡಿ ಮರುಳಾಗುವ ತರುಣರು ಈಗ ನಮ್ಮ ಮನೆಗಳಲ್ಲಿಯೂ ಇದ್ದಾರೆ. ಆಗಬಾರದೆಂದು ನಾವು ಹೇಳುವುದಿಲ್ಲ. ಆದರೆ ಅದೇ ಇಟಲಿಯ ರೋಮ್ ನಗರದಲ್ಲಿ ಹುಟ್ಟಿದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಯಾತ್ರಿಕನು 1623ರಲ್ಲಿ ಗೋವೆಯಿಂದ ಹೊರಟು ನಮ್ಮ ಹೊನ್ನಾವರಕ್ಕೆ ಬಂದಿದ್ದನೆಂಬುದನ್ನು ಅವರು ತಿಳಿದಿರುವುದು ಒಳ್ಳೆಯದು. ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸರ ರಾಯಭಾರಿಯ ಸಂಗಡ ಅವನು ಬಂದನು; ಹೊನ್ನಾವರದಿಂದ ಗೇರುಸೊಪ್ಪೆಯ ತನಕ ದೋಣಿಯಲ್ಲಿ ಹೋದನು. ತುರ್ಕಿ, ಪಾರಸಿಕ ಮುಂತಾದ ದೇಶಗಳನ್ನು ಸುತ್ತಿ ಬಂದಿದ್ದ ಆ ಮನುಷ್ಯನು ಈ ಹೊಳೆಯ ಚೆಲುವನ್ನು ಮನಸಾರೆ ಹೊಗಳಿ ಬರೆದಿದ್ದಾನೆ. ರೋಮಿನವನು ಮೆಚ್ಚಿದುದನ್ನು ಘಟ್ಟದ ಮೇಲಿರುವ ನಾವು ನೋಡದೆ ಇರುವುದು ಸೋಜಿಗವಲ್ಲವೆ?

ಆ ಹೊಳೆಯೇ ಶರಾವತಿ. ನಮ್ಮ ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಅದರ ಉಗಮ. ಸೀತೆಯ ಬಾಯಾರಿಕೆಯನ್ನು ಕಳೆಯಲು ಶ್ರೀರಾಮನು ಬಾಣ ಹೂಡಿ ನೆಲದಿಂದ ನೀರು ಚಿಮ್ಮಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಅಂಬು ಎಂದರೂ ಬಾಣ, ಶರ ಎಂದರೂ ಬಾಣ. ಆದರೆ ಸಂಸ್ಕೃತದಲ್ಲಿ ಶರವೆಂಬುದಕ್ಕೆ ಜೊಂಡುಹುಲ್ಲು ಎಂಬ ಅರ್ಥವೂ ಉಂಟು. ಶರವತಿ ಎಂದಾಗಬೇಕಾದುದು ಶರಾವತಿಯೆಂದು ದೀರ್ಘವಾಗುವುದಕ್ಕೆ ಪಾಣಿನಿಯು ಪ್ರತ್ಯೇಕವಾದ ಒಂದು ಸೂತ್ರವನ್ನೇ ಮಾಡಿದ್ದಾನೆ. ಅಮರಕೋಶದಲ್ಲಿಯೂ ಈ ಹೆಸರಿನ ನದಿಯೊಂದು ಬರುತ್ತದೆ. ಅದು ಉತ್ತರದೇಶದ್ದು, ನಮ್ಮದಲ್ಲ. ಈ ಶಬ್ದವಿಚಾರವು ಎಲ್ಲರಿಗೂ ರುಚಿಸಲಾರದು, ಇರಲಿ.

ನಮ್ಮ ಬಾಗಿಲ ಮುಂದೆ ಹರಿಯುವ ತುಂಗೆಯ ಕಥೆ ಬೇರೆ. ಪಡುವಣ ಕಡಲು ಇಷ್ಟು ಹತ್ತಿರದಲ್ಲಿದ್ದರೂ ಅವಳು ಅದಕ್ಕೆ ಬೆನ್ನು ತಿರುಗಿಸಿ, ಕೂಡಲಿಯಲ್ಲಿ ಭದ್ರೆಯನ್ನೂ ಮುಂದೆ ಕೃಷ್ಣೆಯನ್ನೂ ಸೇರಿ, ನೂರಾರು ಹರದಾರಿ ನಡೆದು ಬಂಗಾಳದ ಕೊಲ್ಲಿಯನ್ನು ಮುಟ್ಟುತ್ತಾಳೆ. ಅವಳ ಕೊನೆಯನ್ನು ನಮ್ಮ ಮಕ್ಕಳಿಗೆ ತೋರಿಸುವುದು ಸುಲಭವಲ್ಲ. ಶರಾವತಿಯಾದರೋ ಸುಮಾರು 128 ಕಿಲೋಮೀಟರುಗಳಲ್ಲಿ ತನ್ನ ಬಾಳನ್ನೆಲ್ಲ ಮುಗಿಸುತ್ತಾಳೆ: ಅಂಬುತೀರ್ಥದಲ್ಲಿ ಬೊಗಸೆಯಷ್ಟು ನೀರು, ಜೋಗದಲ್ಲಿ 830 ಅಡಿಯ ಧುಮುಕು, ಹೊನ್ನಾವರದಲ್ಲಿ ಆಚೆಯ ದಡ ಮಸುಕಾಗುವಷ್ಟು ಅಗಲ. ಆ ಅಗಲವೆಷ್ಟೆಂಬುದನ್ನು ರೈಲಿನವರು ಅಳೆದಿದ್ದಾರೆ. 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲ್ವೆಯ ಸೇತುವೆಗಳಲ್ಲೆಲ್ಲ ಉದ್ದವಾದುದು ಇಲ್ಲಿಯದೇ, ಎರಡು ಕಿಲೋಮೀಟರಿಗೂ ಮಿಗಿಲು. ಒಂದು ನದಿಯ ಹುಟ್ಟು, ಬೀಳು, ಸಂಗಮ, ಈ ಮೂರನ್ನೂ ಒಂದೇ ಪ್ರವಾಸದಲ್ಲಿ ಮಕ್ಕಳಿಗೆ ತೋರಿಸಬಹುದಾದ ಅವಕಾಶವು ಬೇರೆಲ್ಲಿ ಸಿಕ್ಕೀತು?

ಹೊಳೆಯು ಕಡಲನ್ನು ಸೇರುವ ಸ್ಥಳಕ್ಕೆ ಕರಾವಳಿಯವರು ಅಳಿವೆಯೆನ್ನುವರು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತವರಿಗೆ ನೀರು ಎರಡು ದಿಕ್ಕಿಗೂ ಹರಿಯುವುದು ಕಾಣುತ್ತದೆ. ಉಬ್ಬರದಲ್ಲಿ ಕಡಲು ಹೊಳೆಯೊಳಕ್ಕೆ ನುಗ್ಗುವುದು. ಆರು ಗಂಟೆಗಳ ತರುವಾಯ ಇಳಿತದಲ್ಲಿ ಹೊಳೆಯು ಕಡಲಿಗೆ ಹರಿಯುವುದು. ಚಂದ್ರನು ಪ್ರತಿದಿನವೂ ಸುಮಾರು ಐವತ್ತು ನಿಮಿಷ ತಡವಾಗಿ ಉದಯಿಸುವಂತೆಯೇ ಉಬ್ಬರವೂ ಅಷ್ಟೇ ತಡವಾಗುತ್ತ ಹೋಗುತ್ತದೆ. ಪಂಚಾಂಗದಲ್ಲಿ ತಿಥಿ ನೋಡಿ ಏಕಾದಶಿ ಮಾಡುವ ನಮ್ಮ ಮನೆಯ ಹೆಂಗಸರಿಗೆ, ಅದೇ ತಿಥಿಯನ್ನು ನೋಡಿ ದೋಣಿ ಬಿಡುವವರೂ ಉಂಟೆಂಬುದು ಅಲ್ಲಿ ಕಣ್ಣಾರೆ ತಿಳಿಯುವುದು. ಸಿಹಿಯೂ ಅಲ್ಲದ ಉಪ್ಪೂ ಅಲ್ಲದ ಆ ನೀರಿನಲ್ಲಿ ಬೇರುಗಳನ್ನು ಊರುಗೋಲಿನಂತೆ ಊರಿಕೊಂಡು ಕಾಂಡ್ಲಾ ಗಿಡಗಳು ನಿಂತಿವೆ. ಅವುಗಳ ನಡುವೆ ನಡೆದು ನೋಡಲು ಮರದ ಹಲಗೆಯ ದಾರಿಯೊಂದನ್ನು ಕಟ್ಟಿದ್ದಾರೆ, ಮುದುಕರೂ ನಡೆಯಬಹುದು.

ಇದರಲ್ಲಿ ಒಂದು ಸೂಕ್ಷ್ಮವಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ವಿದ್ಯುಜ್ಜನಕ ಯಂತ್ರಗಳನ್ನು ತಿರುಗಿಸಿದ ನೀರು ಬೇಸಗೆಯಲ್ಲಿಯೂ ಕೆಳಕ್ಕೆ ಹರಿದು ಬರುತ್ತದೆ. ಅದರಿಂದ ಅಳಿವೆಯ ಉಪ್ಪು ತಗ್ಗಿ, ಉಪ್ಪನ್ನು ನೆಚ್ಚಿದ ಚಿಪ್ಪಿನ ಜೀವಿಗಳು ಕ್ಷೀಣಿಸಿದವೆಂದೂ, ಅಣೆಕಟ್ಟಿಲ್ಲದ ನೆರೆಯ ಅಘನಾಶಿನಿಯ ಅಳಿವೆಯಲ್ಲಿ ಅವು ಹೇರಳವಾಗಿವೆಯೆಂದೂ ಪರಿಶೀಲಿಸಿದ ವಿದ್ವಾಂಸರು ಹೇಳುತ್ತಾರೆ. ಚಿಪ್ಪು ಆಯ್ದು ಮಾರಿ ಸಂಸಾರ ನಡೆಸುತ್ತಿದ್ದವರಲ್ಲಿ ಹೆಂಗಸರೂ ಇದ್ದರು. ಘಟ್ಟದ ಮೇಲೆ ನಾವು ಗುಂಡಿಯೊತ್ತಿ ದೀಪ ಹೊತ್ತಿಸುವುದಕ್ಕೂ ಘಟ್ಟದ ಕೆಳಗೆ ಅವರ ಬುಟ್ಟಿ ಬರಿದಾಗುವುದಕ್ಕೂ ಸಂಬಂಧವುಂಟೆಂದು ಮನೆಯಲ್ಲಿ ಕುಳಿತು ಓದಿದರೆ ನಂಬಿಕೆ ಹುಟ್ಟುವುದಿಲ್ಲ. ದೀಪ ಬೇಡವೆಂದು ನಾವು ವಾದಿಸುತ್ತಿಲ್ಲ. ಅದರ ಬೆಲೆಯನ್ನು ತೆತ್ತವರ ಊರನ್ನು ಒಂದು ಸಾರಿ ನೋಡಿ ಬರೋಣವೆನ್ನುತ್ತೇವೆ.

ಹೊನ್ನಾವರದಿಂದ ಹೊಳೆಯ ಗುಂಟ ಸುಮಾರು ಮೂವತ್ತು ಕಿಲೋಮೀಟರು ಮೇಲಕ್ಕೆ ಹೋದರೆ ಗೇರುಸೊಪ್ಪೆ. ಹದಿನಾರನೆಯ ಶತಮಾನದಲ್ಲಿ ಅಲ್ಲಿ ಚೆನ್ನಭೈರಾದೇವಿಯೆಂಬ ಜೈನ ರಾಣಿಯು ದೀರ್ಘಕಾಲ ಆಳಿದಳು. ಮೆಣಸಿನ ವ್ಯಾಪಾರವು ಅವಳ ಕೈಯಲ್ಲಿದ್ದುದರಿಂದ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದೇ ಕರೆಯುತ್ತಿದ್ದರು. ನಮ್ಮ ಅಡಿಕೆಯ ಮರಗಳನ್ನು ಅಪ್ಪಿ ಬೆಳೆಯುವ ಬಳ್ಳಿಯ ಕಾಳು ಸಮುದ್ರಗಳನ್ನು ದಾಟಿ ಯೂರೋಪಿನ ಅಡಿಗೆಮನೆಗಳನ್ನು ಸೇರುತ್ತಿದ್ದ ಹೆದ್ದಾರಿ ಇದೇ ಹೊಳೆ. ಕೆಳದಿಯವರ ವಶವಾದ ಮೇಲೆ ಆ ಪಟ್ಟಣವು ಕುಸಿಯಿತು. ರೋಮಿನ ಯಾತ್ರಿಕನು ಬಂದಾಗಲೇ ಅರಮನೆಯಲ್ಲಿ ಮರಗಳೆದ್ದಿದ್ದವು. ಈಗ ಕಾಡಿನ ಮಧ್ಯದಲ್ಲಿ ಚತುರ್ಮುಖ ಬಸದಿಯು ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ. ಅಲ್ಲಿ ಗದ್ದಲ ಮಾಡಬಾರದೆಂದು ಮಕ್ಕಳಿಗೆ ಹೇಳಬೇಕಾಗುವುದಿಲ್ಲ, ತಾವೇ ಸುಮ್ಮನಾಗುತ್ತಾರೆ.

ಉಪಾಧ್ಯಾಯರ ವೃತ್ತಿಯಲ್ಲಿ ಬಾಳನ್ನು ಕಳೆದವರಾದ ನಮಗೆ ಈ ದಾರಿಯ ಇನ್ನೆರಡು ಸಂಗತಿಗಳು ಅತ್ಯಂತ ಪ್ರಿಯವಾದುವು. ಸುಮಾರು 1342ರಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನೆಂಬ ಮೊರಾಕ್ಕೊ ದೇಶದ ಯಾತ್ರಿಕನು, ಆ ಊರಿನಲ್ಲಿ ಬಾಲಕರಿಗೆ 23, ಬಾಲಕಿಯರಿಗೆ 13 ಪಾಠಶಾಲೆಗಳಿದ್ದುವೆಂದೂ ಬೇರೆಲ್ಲಿಯೂ ತಾನು ಹಾಗೆ ಕಾಣಲಿಲ್ಲವೆಂದೂ ಬರೆದಿಟ್ಟಿದ್ದಾನೆ. ಹೆಣ್ಣುಮಕ್ಕಳ ವಿದ್ಯೆಯನ್ನು ನಿನ್ನೆ ಮೊನ್ನೆಯ ಹೊಸತನವೆಂದು ಗೊಣಗುವ ಹಿರಿಯರು ಇದನ್ನು ಗಮನಿಸಬೇಕು. ಇನ್ನೊಂದು, ಪಿಯೆತ್ರೊ ಬರೆದುದು. ಇಕ್ಕೇರಿಗೆ ಘಟ್ಟ ಹತ್ತುವಾಗ ಒಂದು ದೇವಾಲಯದ ಜಗಲಿಯಲ್ಲಿ ನಾಲ್ಕು ಮಂದಿ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಅಂಕೆಗಳನ್ನು ತಿದ್ದುತ್ತ, ಪಾಠವನ್ನು ರಾಗವಾಗಿ ಒಪ್ಪಿಸುತ್ತಿದ್ದರಂತೆ. ಗುರುವಿಲ್ಲದಾಗ ಸಂದೇಹ ಬಂದರೇನು ಮಾಡುವಿರೆಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಮರೆಯುವುದು ಆಗದ ಮಾತು, ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ ಎಂಬರ್ಥದ ಉತ್ತರ ಕೊಟ್ಟರಂತೆ. ಆ ಮಕ್ಕಳ ಹೆಸರು ಯಾರಿಗೂ ತಿಳಿಯದು. ನಮ್ಮ ತಿದ್ದಿದ ಮರಳಿನ ಹಾಗೆಯೇ ಅಳಿಸಿಹೋಯಿತು.

ಊರಿಗೆ ದಕ್ಷಿಣದಲ್ಲಿ, ಹೊಳೆಯ ಆಚೆಯ ದಡದಲ್ಲಿ ಕಾಸರಕೋಡು. ಅಲ್ಲಿಯ ಮರಳದಂಡೆಗೆ ಶುಚಿತ್ವಕ್ಕಾಗಿ 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಸಮೀಪದಲ್ಲಿಯೇ ಟೊಂಕವೆಂಬಲ್ಲಿ ಮೀನು ಒಣಗಿಸಿ ಜೀವಿಸುವ ಕುಟುಂಬಗಳಿವೆ. ಕಡಲಾಮೆಗಳು ಅದೇ ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ಖಾಸಗಿ ಬಂದರಿನ ಯೋಜನೆಯೊಂದಕ್ಕೆ ವಿರುದ್ಧವಾಗಿ ಆ ಜನರು ವರ್ಷಗಟ್ಟಲೆ ಹೋರಾಡಿದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಮರಳದಂಡೆಗೆ ಹೋದವರು ನೀಲಿ ಬಾವುಟದ ಕೆಳಗೆ ಚಿತ್ರ ತೆಗೆಸಿಕೊಂಡು ಮರಳದೆ, ಟೊಂಕದ ಹೆಂಗಸರೊಡನೆ ನಾಲ್ಕು ಮಾತನಾಡಿ ಬರತಕ್ಕದ್ದು. ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವುದು ಸಭ್ಯತೆಯಲ್ಲ.

ಇಡಗುಂಜಿಯ ಮಹಾಗಣಪತಿ, ಅಪ್ಸರಕೊಂಡದ ಜಲಪಾತ, 1934ರಲ್ಲಿ ಶಿವರಾಮ ಹೆಗಡೆಯವರು ಸ್ಥಾಪಿಸಿದ ಕೆರೆಮನೆಯ ಯಕ್ಷಗಾನ ಮಂಡಳಿ, ಇವೆಲ್ಲ ಆ ತಾಲ್ಲೂಕಿನಲ್ಲಿಯೇ ಇವೆ. ಅನುಕೂಲವಿದ್ದಷ್ಟು ನೋಡಬಹುದು.

ದೀಪಾವಳಿಯಿಂದ ಶಿವರಾತ್ರಿಯ ತನಕ ಪ್ರಯಾಣಕ್ಕೆ ಒಳ್ಳೆಯ ಕಾಲ. ಅನಂತರ ಸೆಕೆಯು ಮಲೆನಾಡಿನ ಮೈಗೆ ಸಹಿಸದು. ಮುರುಗಲು ಹಣ್ಣಿನ ಪಾನಕವೊಂದೇ ಗತಿ. ಮಳೆಗಾಲದಲ್ಲಿ ಅಳಿವೆಯ ಬಳಿ ನೀರಿಗೆ ಇಳಿಯಲೇಬಾರದು, ಈಜು ಬಲ್ಲವರೂ ಸಹ. ಆಗುಂಬೆಯ ಘಟ್ಟವನ್ನಿಳಿದು ಕುಂದಾಪುರವನ್ನು ಸೇರಿ, ಅಲ್ಲಿಂದ ರೈಲನ್ನು ಹಿಡಿಯುವುದು ಲೇಸು. ನಿಲ್ದಾಣಕ್ಕೆ ಸ್ವಲ್ಪ ಮುಂಚೆ ಶರಾವತಿಯ ಸೇತುವೆ ಬರುತ್ತದೆ, ಮಕ್ಕಳನ್ನು ಪಶ್ಚಿಮದ ಕಡೆಯ ಕಿಟಕಿಗೆ ಕೂರಿಸಿರಿ. ಹಿಂದಿರುಗುವಾಗ ಗೇರುಸೊಪ್ಪೆಯ ಮಾರ್ಗವಾಗಿ ಜೋಗಕ್ಕೆ ಹತ್ತಿ, ಸಾಗರ, ತೀರ್ಥಹಳ್ಳಿಗಳ ಮೇಲೆ ಬಂದರೆ ಹೊಳೆಯನ್ನು ಬುಡದಿಂದ ತುದಿಯವರೆಗೆ ನೋಡಿದಂತೆ ಆಗುವುದು. ಅಂಬುತೀರ್ಥವು ಕೊನೆಯಲ್ಲಿ ಬರುತ್ತದೆ.