ಹೊಸ್ತಿಲಾಚೆಯ ಅತಿಥಿ

ಭಯವು ಮನುಷ್ಯನಿಗೆ ಬೇಡವಾದ ಭಾವ. ಆದರೆ ಭಯದ ಕಥೆ ಅವನಿಗೆ ಬೇಕು. ಹಾವನ್ನು ಕಂಡು ಓಡುವವನೇ ಹಾವಿನ ಕಥೆ ಕೇಳಲು ಹತ್ತಿರ ಸರಿದು ಕುಳಿತುಕೊಳ್ಳುತ್ತಾನೆ. ನಮ್ಮ ಆಲಂಕಾರಿಕರು ಭಯಾನಕ, ಬೀಭತ್ಸಗಳನ್ನೂ ರಸಗಳ ಸಾಲಿಗೆ ಸೇರಿಸಿದ್ದು ಈ ಮರ್ಮವನ್ನು ಅರಿತೇ. ಹಗರಿಬೊಮ್ಮನಹಳ್ಳಿಯ ಸುತ್ತಿನ ಹಳ್ಳಿಗಳಲ್ಲಿ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕವನ್ನು ಬೆಳಗಿನ ಜಾವದವರೆಗೆ ಕುಳಿತು ನೋಡುವ ನಾವು, ಎಳೆಯರ ಕೈಯಲ್ಲಿ ರಕ್ತಪಿಶಾಚಿಯ ಕಾದಂಬರಿಯನ್ನು ಕಂಡೊಡನೆ ಹುಬ್ಬು ಗಂಟಿಕ್ಕುವುದು ನ್ಯಾಯವಲ್ಲ. ಅದು ಅವರನ್ನು ಏಕೆ ಸೆಳೆಯುತ್ತದೆ ಎಂದು ವಿಚಾರಿಸುವುದು ಮೇಲು.

ಐರ್ಲೆಂಡಿನ ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಈ ಬಗೆಯ ಕಾದಂಬರಿಗಳಲ್ಲೆಲ್ಲ ಹೆಸರಾದುದು. ಅದರ ಪಿಶಾಚಿ ಅಬ್ಬರಿಸುತ್ತ ಬರುವ ರಾಕ್ಷಸನಲ್ಲ. ಕೋಟೆಯ ಒಡೆಯನಾದ ಶ್ರೀಮಂತ. ಬಂದವರನ್ನು ವಿನಯದಿಂದ ಬರಮಾಡಿಕೊಂಡು ಉಪಚರಿಸುತ್ತಾನೆ. ಪರರ ರಕ್ತದಿಂದಲೇ ತಾನು ಯೌವನವನ್ನು ಪಡೆಯುತ್ತಾನೆ. ಆದರೆ ಅವನಿಗೂ ಒಂದು ಕಟ್ಟಳೆಯುಂಟು. ಮನೆಯವರಲ್ಲಿ ಒಬ್ಬರಾದರೂ ‘ಒಳಗೆ ಬಾ’ ಎನ್ನದೆ ಅವನು ಮೊದಲ ಸಲ ಹೊಸ್ತಿಲು ದಾಟಲಾರ. ಬಾಗಿಲು ತೆರೆಯುವ ಕೈ ತನ್ನದೇ ಆಗಿರಬಹುದೆಂಬ ಅರಿವೇ ಓದುಗನ ಎದೆಯನ್ನು ನಡುಗಿಸುತ್ತದೆ.

ಈ ಅರಿವು ನಮಗೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ ‘ಕಥಾಸರಿತ್ಸಾಗರ’ದ ಬೇತಾಳನನ್ನು ‘ಚಂದಮಾಮ’ದ ಮೂಲಕ ಕನ್ನಡದ ಮಕ್ಕಳು ಅರಿತಿದ್ದರು. ರಿಚರ್ಡ್ ಬರ್ಟನ್ 1870ರಲ್ಲಿ ಆ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ‘ವ್ಯಾಂಪೈರ್’ ಎಂದೇ ಕರೆದನು. ಆದರೆ ಹೆಣದೊಳಗಿದ್ದು ಮಾತನಾಡುವ ಈ ಬೇತಾಳ ರಾಜನ ರಕ್ತವನ್ನು ಕೇಳುವುದಿಲ್ಲ, ಉತ್ತರವನ್ನು ಕೇಳುತ್ತದೆ. ರಾಜನನ್ನು ಬಲಿಕೊಡಲು ಹೊಂಚಿದವನು, ದಿನವೂ ಆಸ್ಥಾನಕ್ಕೆ ಹಣ್ಣು ಹಿಡಿದು ಬರುತ್ತಿದ್ದ ಸಂನ್ಯಾಸಿ. ಅವನ ಕಪಟವನ್ನು ತಿಳಿಸಿ ರಾಜನನ್ನು ಉಳಿಸುವುದು ಬೇತಾಳವೇ.

ಅಮೆರಿಕದ ಸ್ಟೆಫನಿ ಮೇಯರ್ 2005ರಲ್ಲಿ ಪ್ರಕಟಿಸಿದ ‘ಟ್ವೈಲೈಟ್’ ಪಿಶಾಚಿಯನ್ನು ಪ್ರೇಮಿಯನ್ನಾಗಿಸಿತು. ಅದರ ನಾಯಕ ಮೃಗಗಳ ರಕ್ತದಿಂದ ಹಸಿವು ತೀರಿಸಿಕೊಂಡು, ತಾನೊಲಿದ ಹುಡುಗಿಯ ಮುಂದೆ ತನ್ನ ದಾಹವನ್ನು ಬಿಗಿಹಿಡಿಯುತ್ತಾನೆ. ಬಲವುಳ್ಳವನ ಸಂಯಮಕ್ಕೆ ಎಳೆಯ ಮನಸ್ಸು ಮಾರುಹೋಗುವುದು ಸಹಜ. ಅದು ತಪ್ಪೂ ಅಲ್ಲ. ಆದರೆ ಅವನು ರಾತ್ರಿ ಅವಳ ಕೋಣೆಯೊಳಕ್ಕೆ ಅವಳಿಗೆ ತಿಳಿಯದಂತೆ ಬಂದು, ಅವಳು ಮಲಗಿರುವುದನ್ನು ನೋಡುತ್ತ ನಿಲ್ಲುತ್ತಾನೆ. ಡ್ರಾಕುಲಾನಿಗೂ ಬೇಕಾಗಿದ್ದ ಅಪ್ಪಣೆ ಇವನಿಗೆ ಬೇಡವಾಯಿತು. ಕಾದಂಬರಿ ಅದನ್ನು ಪ್ರೀತಿಯೆಂದಿತು. ಓದುಗರು ತಡೆದು ನಿಂತು ಯೋಚಿಸಬೇಕಾದ ಎಡೆ ಇದು. ಕೇಳದೆ ಹೊಸ್ತಿಲು ದಾಟುವ ಪ್ರೀತಿಯನ್ನು ಪ್ರೀತಿಯೆನ್ನಬಹುದೇ?

ಕಥೆಯ ಭಯ ಪುಸ್ತಕವನ್ನು ಬಿಟ್ಟು ಬೀದಿಗಿಳಿಯುವುದೂ ಉಂಟು. ಮನೆಯವರ ದನಿಯಲ್ಲಿ ಕರೆಯುವ ದೆವ್ವದ ವದಂತಿ ಹಬ್ಬಿ, 1990ರ ದಶಕದಲ್ಲಿ ಕರ್ನಾಟಕದ ಅನೇಕ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹ ಮೂಡಿತ್ತು. ಬರಹದಿಂದ ಯಾರಿಗೂ ಕೇಡಿಲ್ಲ. ಆದರೆ ಅದೇ ಭಯ ಒಂಟಿ ವೃದ್ಧೆಯತ್ತಲೋ, ಮನಸ್ಸು ಕದಡಿದ ಹೆಣ್ಣುಮಗಳತ್ತಲೋ ಬೆರಳು ತೋರಿದಾಗ ಅನಾಹುತವಾಗುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆದು ಹಿಂಸಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 2017ರ ಕಾಯಿದೆಯೇ ಬೇಕಾಯಿತು.

ಆದ್ದರಿಂದ ಎಳೆಯರ ಕೈಯಿಂದ ಇಂಥ ಪುಸ್ತಕವನ್ನು ಕಿತ್ತುಕೊಳ್ಳುವುದು ಪರಿಹಾರವಲ್ಲ. ಬಡವರ ರಕ್ತ ಹೀರುವವರು ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಅಂಥವರು ಕೋರೆಹಲ್ಲು ತೋರಿಸುತ್ತ ಬರುವುದಿಲ್ಲ, ಕೈಯಲ್ಲಿ ಹಣ್ಣು ಹಿಡಿದೇ ಬರುತ್ತಾರೆ. ಅವರನ್ನು ಗುರುತಿಸುವ ಕಣ್ಣನ್ನು ಭಯದ ಕಥೆಯೂ ಕೊಡಬಲ್ಲದು. ಪುಸ್ತಕದ ಬಾಗಿಲು ತೆರೆದೇ ಇರಲಿ. ಒಳಗೆ ಬರುವವನನ್ನು ಮಾತ್ರ ಬೇತಾಳದಂತೆ ಪ್ರಶ್ನಿಸಲು ಕಲಿಯೋಣ.